ಅರ್ಜಿಯಲ್ಲಿ ಬರೆಯುವ ಮಾತು

ಕಳೆದ ಡಿಸೆಂಬರಿನ ಒಂದು ಶನಿವಾರ ಮೈಸೂರಿನಿಂದ ಅಕ್ಕನ ಮಗನ ಫೋನು. ಇಲ್ಲಿ ಬೆಲ್ವ್ಯೂನಲ್ಲಿ ಎಂದಿನ ಜಿಟಿಜಿಟಿ ಮಳೆ. "ಮಾವ, ಪಿಎಚ್.ಡಿ. ಅಂತಲೇ ಅರ್ಜಿ ಹಾಕ್ತೀನಿ. ಫೀಸಿಲ್ಲ, ಸ್ಟೈಪೆಂಡೂ ಕೊಡ್ತಾರೆ. ಎರಡು ವರ್ಷಕ್ಕೆ ಮಾಸ್ಟರ್ಸ್ ತಗೊಂಡು ಹೊರಗೆ ಬಂದ್ರಾಯ್ತು" ಎಂದ.

ಲೆಕ್ಕವೇನೋ ಸರಿ. ಇಲ್ಲಿನ ದೊಡ್ಡ ವಿಶ್ವವಿದ್ಯಾಲಯಗಳ ವಿಜ್ಞಾನ, ಎಂಜಿನಿಯರಿಂಗ್ ವಿಭಾಗಗಳಲ್ಲಿ ಡಾಕ್ಟರೇಟ್ ವಿದ್ಯಾರ್ಥಿಗೆ ಪಾಠ ಹೇಳುವುದಕ್ಕೋ ಸಂಶೋಧನೆಗೋ ಬದಲಾಗಿ ಶುಲ್ಕಮಾಫಿ, ತಿಂಗಳ ಭತ್ಯೆ ಸಿಗುವುದು ರೂಢಿ. ಮಾಸ್ಟರ್ಸ್ ಮಾಡುವವರು ಸಾಮಾನ್ಯವಾಗಿ ತಾವೇ ಹಣ ಕಟ್ಟಬೇಕು. ಭಾವ ಮನೆಯನ್ನೇ ಅಡವಿಡಲು ಹೊರಟಿದ್ದರು. ಹುಡುಗನ ಸಂಕಟ ನನಗೆ ಅರ್ಥವಾಗದ್ದಲ್ಲ. ನಾನೂ ಸಾಲ ಮಾಡಿ ಎಂ.ಎಸ್. ಓದಿದವನೇ.

ಆದರೂ ಮನಸ್ಸು ಒಪ್ಪಲಿಲ್ಲ. ನಡುವೆ ಮನಸ್ಸು ಬದಲಾಗಿ ಬಿಟ್ಟು ಬರುವುದು ತಪ್ಪಲ್ಲ, ಎಷ್ಟೋ ಜನ ಪ್ರಾಮಾಣಿಕವಾಗಿ ಬಿಡುತ್ತಾರೆ. ಬಿಡುವುದನ್ನು ಮೊದಲೇ ನಿಶ್ಚಯಿಸಿಕೊಂಡು, ಸಂಶೋಧನೆಯೇ ನನ್ನ ಉಸಿರು ಎಂದು ಬರೆಯುವುದು ಬೇರೆ. ಆ ಸೀಟು ಸಿಗದೆ ಹೋದ ಇನ್ನೊಬ್ಬ ಹುಡುಗಿ ಶಿವಮೊಗ್ಗದವಳೇ ಇರಬಹುದಲ್ಲ?

ನಮ್ಮ ಕಥೆಗಳಲ್ಲೂ ಇಬ್ಬರು 'ಅರ್ಜಿದಾರ'ರಿದ್ದಾರೆ. ಗೋತ್ರ ಗೊತ್ತಿಲ್ಲವೆಂದು ಗುರುವಿನ ಮುಂದೆ ನಿಜ ಹೇಳಿದ ಸತ್ಯಕಾಮ ಒಬ್ಬ. ಬ್ರಾಹ್ಮಣನೆಂದು ಹೇಳಿಕೊಂಡು ಪರಶುರಾಮರಲ್ಲಿ ಅಸ್ತ್ರವಿದ್ಯೆ ಕಲಿತ ಕರ್ಣ ಇನ್ನೊಬ್ಬ. ಕರ್ಣನ ಬಗ್ಗೆ ನನಗೆ ಯಾವತ್ತೂ ಮರುಕವೇ. ನಿಜ ಹೇಳಿದ್ದರೆ ಅವನಿಗೆ ಆ ವಿದ್ಯೆ ದಕ್ಕುತ್ತಲೇ ಇರಲಿಲ್ಲ. ನಮ್ಮ ಹುಡುಗನಿಗೆ ಹಾಗಲ್ಲ, ಅವನಿಗೆ ಬೇರೆ ಬಾಗಿಲುಗಳಿವೆ. ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ ಕೆಲಸ ಮಾಡುತ್ತಲೇ ಸಂಜೆ ಕಂಪ್ಯೂಟರ್ ವಿಜ್ಞಾನದ ಮಾಸ್ಟರ್ಸ್ ಓದುವವರು ನಮ್ಮ ನಡುವೆಯೇ ಇದ್ದಾರೆ.

ಡಾಕ್ಟರೇಟ್ ಹೆಚ್ಚು, ಮಾಸ್ಟರ್ಸ್ ಕಡಿಮೆ ಎಂದು ನಾನು ಹೇಳುತ್ತಿಲ್ಲ. ಬೆಂಗಳೂರಿನ ಸಿ.ಎನ್.ಆರ್. ರಾವ್ ಅವರು ಬನಾರಸಿನಲ್ಲಿ ಎಂ.ಎಸ್ಸಿ. ಮಾಡಿ, 1958ರಲ್ಲಿ ಪರ್ಡ್ಯೂನಲ್ಲಿ ಡಾಕ್ಟರೇಟ್ ಪಡೆದು, 1959ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಗೆ ಮರಳಿದರು. ಅಂಥವರಿಗೆ ಪದವಿ ನೆಪ, ಪ್ರಶ್ನೆಯೇ ಹಸಿವು. ಆ ಹಸಿವಿಲ್ಲದವನು ಐದಾರು ವರ್ಷ ಪ್ರಯೋಗಾಲಯದಲ್ಲಿ ಕೂರಬೇಕೆಂದು ಯಾವ ಶಾಸ್ತ್ರವೂ ಹೇಳುವುದಿಲ್ಲ. (ಮದುವೆಯ ಕರೆಯೋಲೆಯಲ್ಲಿ 'ಡಾ.' ಕಾಣುವ ಆಸೆ ತಂದೆತಾಯಿಯರದು, ಅದಿರಲಿ.)

"ಸರಿ ಮಾವ, ಹಾಗಾದ್ರೆ ಸಾಲ ಯಾರು ತೀರಿಸ್ತಾರೆ?" ಎಂದ. ನ್ಯಾಯವಾದ ಪ್ರಶ್ನೆ. ಉಪದೇಶ ಮಾಡಿ ಫೋನು ಇಡುವುದು ಸುಲಭ. ಮೊದಲ ವರ್ಷದ ಫೀಸಿನಲ್ಲಿ ಅರ್ಧ ನಾನು ಕೊಡುತ್ತೇನೆ, ಕೆಲಸ ಸಿಕ್ಕ ಮೇಲೆ ಹಿಂದಿರುಗಿಸು ಎಂದೆ. ಪಕ್ಕದಲ್ಲಿದ್ದ ನನ್ನಾಕೆ ಒಮ್ಮೆ ನನ್ನ ಮುಖ ನೋಡಿದಳು, ಆಮೇಲೆ ತಲೆಯಾಡಿಸಿದಳು.

ಅವನು ನಾಲ್ಕು ಕಡೆ ಎಂ.ಎಸ್.ಗೆ ಅರ್ಜಿ ಹಾಕಿದ. ಒಂದೇ ಕಡೆ ಪಿಎಚ್.ಡಿ.ಗೆ, ಅಲ್ಲಿನ ಪ್ರೊಫೆಸರರ ಲೇಖನಗಳನ್ನು ನಿಜವಾಗಿಯೂ ಓದಿದ್ದನಂತೆ.