ಬತ್ತಿದ ಬಾವಿಯೂ ಆಳುವವರ ಮಾತೂ

2024ನೇ ಇಸವಿಯ ಮಾರ್ಚ್ ತಿಂಗಳಲ್ಲಿ ಬೆಂಗಳೂರಿಗೆ ನೀರಿನ ಬರ ಬಂದು, ಜೆ.ಪಿ. ನಗರವೇ ಮೊದಲಾದ ಕಡೆಗಳಲ್ಲಿ ಜನರು ಟ್ಯಾಂಕರಿನ ದಾರಿ ಕಾಯುತ್ತಿರಲು, ಉಪಮುಖ್ಯಮಂತ್ರಿ ಡಿ. ಕೆ. ಶಿವಕುಮಾರರು ತಮ್ಮ ಮನೆಯ ಕೊಳವೆಬಾವಿಯೂ ಬತ್ತಿತೆಂದು ಬಹಿರಂಗವಾಗಿ ಹೇಳಿದರು. ಪ್ರಿಯ ವಾಚಕರೇ, ಇಂಥ ಮಾತು ಬಾಯಾರಿದವರಿಗೆ ಉತ್ತರವಾಗುವದೋ?

ಕಷ್ಟವನ್ನು ಮರೆಮಾಡುವದಕ್ಕಿಂತ ಒಪ್ಪಿಕೊಳ್ಳುವದು ಲೇಸೇ ಸರಿ. ಆದರೂ ನೀರು ಕೊಳ್ಳಬಲ್ಲವನ ಬತ್ತಿದ ಬಾವಿಯೂ ಕೊಳ್ಳಲಾರದವಳ ಬರಿದಾದ ಕೊಡವೂ ಸಮವಲ್ಲ. ಆದದರಿಂದ ಆಳುವವರ ಮಾತನ್ನು ಅವರ ಕೆಲಸದಿಂದಲೇ ತೂಗತಕ್ಕದ್ದು. ಅದೇ ವರುಷದ ಅಕ್ಟೋಬರ್ 16ರಲ್ಲಿ ಕಾವೇರಿ ಐದನೆಯ ಹಂತವು ಆರಂಭವಾಗಿ, ದಿನಕ್ಕೆ 77 ಕೋಟಿ 50 ಲಕ್ಷ ಲೀಟರು ನೀರು ತರುವ ಏರ್ಪಾಡಾಯಿತು. ನ್ಯಾಯವಾಗಿ ಇದನ್ನೂ ಹೇಳಬೇಕು.

ಆದರೆ ದೂರದ ನದಿಯು ನೆಲದೊಳಗಿನ ಒರತೆಯನ್ನು ತುಂಬದು. ಅದಕ್ಕೆ ಕೆರೆಗಳ ರಕ್ಷಣೆಯೂ ಮಳೆನೀರಿನ ಇಂಗುಗುಂಡಿಗಳೂ ಬೇಕು. ಇವುಗಳ ಲೆಕ್ಕವನ್ನು ಆಳುವವರಿಂದ ಕೇಳುವ ನಾವು, ನಮ್ಮ ಅಂಗಳದ ಲೆಕ್ಕವನ್ನೂ ಒಪ್ಪಿಸೋಣ.