ದೋಷವನ್ನು ತೋರಿಸುವ ಹೊಣೆ

ಬಸ್ರೂರು ಮತ್ತು ಕುಂದಾಪುರದ ಸುತ್ತಲಿನ ಊರುಗಳು ಬಡಗುತಿಟ್ಟು ಯಕ್ಷಗಾನದ ನೆಲೆ. ಅಲ್ಲಿನ ರಾತ್ರಿಯಾಟವನ್ನು ಮೊಬೈಲಿನಲ್ಲಿ ಚಿತ್ರೀಕರಿಸಿ, ಲಿನಕ್ಸ್ ಗಣಕದಲ್ಲಿ ಕೆಡೆನ್‌ಲೈವ್ ಎಂಬ ಮುಕ್ತ ತಂತ್ರಾಂಶದಿಂದ ಸಂಕಲಿಸುವಾಗ ಎದುರಾಗುವ ಒಂದು ತೊಡಕು ಪ್ರಮಾಣಶಾಸ್ತ್ರದ, ಅಂದರೆ ಸರಿಯಾದ ಅರಿವು ಹೇಗೆ ಹುಟ್ಟುತ್ತದೆಂದು ವಿಚಾರಿಸುವ ಶಾಸ್ತ್ರದ, ಹಳೆಯ ಪ್ರಶ್ನೆಯೊಂದನ್ನು ಮತ್ತೆ ಎತ್ತುತ್ತದೆ. ಮೊದಲ ನಿಮಿಷಗಳಲ್ಲಿ ಚೆಂಡೆಯ ಮೇಲೆ ಕೋಲು ಬೀಳುವುದೂ ಪೆಟ್ಟು ಕೇಳಿಸುವುದೂ ಒಟ್ಟಿಗೇ ನಡೆಯುತ್ತವೆ. ಪ್ರಸಂಗ ಸಾಗಿದಂತೆ ಸದ್ದು ಕೈಯಿಂದ ಬೇರ್ಪಟ್ಟು ದೂರ ಸರಿಯುತ್ತದೆ. ತಪ್ಪಿರುವುದು ಕಡತದಲ್ಲೋ, ತಂತ್ರಾಂಶದಲ್ಲೋ, ಗ್ರಾಫಿಕ್ಸ್ ಚಾಲಕದಲ್ಲೋ, ಅಥವಾ ನೋಡುವವನ ಗ್ರಹಿಕೆಯಲ್ಲೋ?

ಇದೇ ಕರಾವಳಿಯಲ್ಲಿ, ಉಡುಪಿಯ ಬಳಿಯ ಪಾಜಕದಲ್ಲಿ, 13ನೆಯ ಶತಮಾನದಲ್ಲಿ ಹುಟ್ಟಿದ ಮಧ್ವಾಚಾರ್ಯರ ದರ್ಶನವು ಇಂಥ ಪ್ರಶ್ನೆಗೆ ದೃಢವಾದ ಉತ್ತರವನ್ನು ಕೊಡುತ್ತದೆ. ಆ ದರ್ಶನದ ಪ್ರಕಾರ ಪ್ರಾಮಾಣ್ಯ, ಎಂದರೆ ಇದ್ದುದನ್ನು ಇದ್ದಂತೆ ತಿಳಿಸುವ ಗುಣ, ಜ್ಞಾನಕ್ಕೆ ಸ್ವತಃ ಬಂದದ್ದು. ಅಪ್ರಾಮಾಣ್ಯ ಮಾತ್ರ ಪರತಃ, ಎಂದರೆ ಇಂದ್ರಿಯದ ಕುಂದು ಮೊದಲಾದ ಹೊರಗಿನ ದೋಷದಿಂದ ಬರುವಂಥದ್ದು. ಆದ್ದರಿಂದ ಕಂಡದ್ದನ್ನು ಅಲ್ಲಗಳೆಯುವವನೇ ದೋಷವನ್ನು ಎತ್ತಿ ತೋರಿಸಬೇಕು. ದೋಷ ಇರಬಹುದೆಂಬ ಬರಿಯ ಶಂಕೆಯಿಂದ ಅನುಭವ ಬಿದ್ದುಹೋಗುವುದಿಲ್ಲ.

ದೋಷದ ನೆಲೆಯನ್ನು ಹುಡುಕಲು ತಾರ್ಕಿಕರು ಅನ್ವಯ ಮತ್ತು ವ್ಯತಿರೇಕಗಳನ್ನು ಬಳಸಿದರು: ಒಂದಿದ್ದರೆ ಇನ್ನೊಂದಿರುವುದು ಅನ್ವಯ, ಒಂದಿಲ್ಲದಿದ್ದರೆ ಇನ್ನೊಂದಿಲ್ಲದಿರುವುದು ವ್ಯತಿರೇಕ. ಮೊಬೈಲು ಮಂದ ಬೆಳಕಿನಲ್ಲಿ ಸೆಕೆಂಡಿಗೆ ತೆಗೆಯುವ ಚೌಕಟ್ಟುಗಳ ಸಂಖ್ಯೆಯನ್ನು ತಾನೇ ಹೆಚ್ಚುಕಡಿಮೆ ಮಾಡುತ್ತದೆ, ಸಂಕಲನ ತಂತ್ರಾಂಶವಾದರೋ ಸ್ಥಿರವಾದ ಗತಿಯನ್ನು ನಿರೀಕ್ಷಿಸುತ್ತದೆ. ಅದೇ ಕಡತವನ್ನು ಎಫ್‌ಎಫ್‌ಎಂಪೆಗ್ ಎಂಬ ತಂತ್ರಾಂಶದಿಂದ ಸ್ಥಿರಗತಿಗೆ ಪರಿವರ್ತಿಸಿದಾಗ ಸದ್ದು ಕೈಗೆ ಮರಳಿ, ಪರಿವರ್ತಿಸದೆ ಬಿಟ್ಟಾಗ ಮತ್ತೆ ಸರಿದರೆ, ತೊಡಕಿನ ಮೂಲ ಕಡತದ ಗತಿಯಲ್ಲಿದೆಯೆಂದು ನಿಶ್ಚಯವಾಗುತ್ತದೆ. ಎರಡು ಸಂಗತಿಗಳನ್ನು ಒಮ್ಮೆಗೇ ಬದಲಿಸಿದವನಿಗೆ ಈ ನಿಶ್ಚಯ ದಕ್ಕದು.

ಇಲ್ಲಿ ಹೆಚ್ಚು ಎಚ್ಚರ ಬೇಕಾದದ್ದು ಉಪಾಧಿಯ ವಿಷಯದಲ್ಲಿ. ಬೆಂಕಿಯಿದ್ದಲ್ಲೆಲ್ಲ ಹೊಗೆಯಿದೆಯೆಂದು ಊಹಿಸಿದವನು ಹಸಿ ಸೌದೆಯೆಂಬ ಮರೆಯ ಕಾರಣವನ್ನು ಕಾಣದೆ ಹೋಗಿರುತ್ತಾನೆ. ಅಂಥ ಮರೆಯ ಕಾರಣವೇ ಉಪಾಧಿ. ವಿಡಿಯೊಗೆ ಒಂದು ಪರಿಣಾಮವನ್ನು (ಎಫೆಕ್ಟ್) ಸೇರಿಸಿದಾಗಲೆಲ್ಲ ತಂತ್ರಾಂಶ ಸ್ಥಗಿತಗೊಂಡರೆ ಆ ಪರಿಣಾಮವೇ ತಪ್ಪಿತಸ್ಥವೆಂದು ತೋರುತ್ತದೆ. ಆದರೆ ತನ್ನ ಲೈಬ್ರರಿಗಳನ್ನು ಜೊತೆಗೇ ಹೊತ್ತು ತರುವ ಆಪ್‌ಇಮೇಜ್ ಆವೃತ್ತಿಯಲ್ಲಿ ಅದೇ ಪರಿಣಾಮ ನಿರಾತಂಕವಾಗಿ ನಡೆದರೆ, ಸಂಶಯವು ಗಣಕದಲ್ಲಿ ಮೊದಲೇ ಇದ್ದ ಲೈಬ್ರರಿಗಳತ್ತ ತಿರುಗಬೇಕಾಗುತ್ತದೆ. ತಂತ್ರಾಂಶವನ್ನು ಟರ್ಮಿನಲ್ಲಿನಿಂದ ಆರಂಭಿಸಿದರೆ ಮೂಡುವ ಸಂದೇಶಗಳು ಈ ಊಹೆಗೆ ಹೇತುಗಳಾಗುತ್ತವೆ.

ಉಳಿಯುವುದು ಒಬ್ಬನ ಗಣಕದಲ್ಲಷ್ಟೇ ಕಾಣಿಸಿಕೊಳ್ಳುವ ದೋಷ. ಅಭಿವೃದ್ಧಿಗಾರರ ವಲಯದಲ್ಲಿ ಇಂಥ ದೂರುಗಳಿಗೆ 'ವರ್ಕ್ಸ್ ಫಾರ್ ಮೀ', ಎಂದರೆ 'ನನ್ನಲ್ಲಿ ಸರಿಯಾಗಿ ನಡೆಯುತ್ತದೆ', ಎಂಬ ಮುದ್ರೆ ಬೀಳುವುದುಂಟು. ಇದು ಸೋತು ಕೈಬಿಟ್ಟದ್ದರ ಗುರುತಾದರೆ ಒಪ್ಪಬಹುದು, ದೋಷವೇ ಇರಲಿಲ್ಲವೆಂಬ ತೀರ್ಪಾದರೆ ಒಪ್ಪಲಾಗದು. ಕಾಣದಿರುವುದು ಇಲ್ಲದಿರುವುದಕ್ಕೆ ಪ್ರಮಾಣವಾಗಬೇಕಾದರೆ, ಇದ್ದಿದ್ದರೆ ಕಾಣುವಂತಹ ಸನ್ನಿವೇಶ, ಎಂದರೆ ಕಾಣುವ ಯೋಗ್ಯತೆ, ಅಲ್ಲಿರಬೇಕು. ಆ ಚಾಲಕ, ಆ ಲೈಬ್ರರಿ, ಆ ರಾತ್ರಿಯ ಕಡತ ಯಾವುದೂ ಇಲ್ಲದ ಗಣಕದಲ್ಲಿ ಆ ಯೋಗ್ಯತೆಯೇ ಇರುವುದಿಲ್ಲ.