ಹಿತ್ತಲಿನ ಗುದ್ದಲಿ ಮತ್ತು ಪ್ರಭುವಿನ ದಿನ



ಕಾಫಿ ಕೊಯ್ಲಿನ ಕಾಲ. ಭಾನುವಾರದ ಬಲಿಪೂಜೆ ಮುಗಿದಿತ್ತು. ತೋಟದ ಲೈನ್‌ಮನೆಯಲ್ಲಿ ವಾಸವಾಗಿರುವ ತಾಯಿಯೊಬ್ಬರು ದೇವಾಲಯದ ಮೆಟ್ಟಿಲ ಬಳಿ ನನ್ನನ್ನು ಕೇಳಿದರು: "ಫಾದರ್, ಭಾನುವಾರ ಹಿತ್ತಲಿನಲ್ಲಿ ಗುದ್ದಲಿ ಹಿಡಿದರೆ ಪಾಪವೇ?"

ಆಕೆಯ ದಿನ ನಿಮಗೂ ಗೊತ್ತಿರುವಂಥದೇ. ನಸುಕಿನಲ್ಲೇ ಅಡುಗೆ, ಆಮೇಲೆ ತೋಟ, ಸಂಜೆ ಹಣ್ಣು ತೂಕ ಹಾಕಿಸಿ ಮನೆ ಸೇರುವಾಗ ಕತ್ತಲು. ಕಾಡಾನೆಗಳು ಓಡಾಡುವ ನಮ್ಮ ಕಡೆ ಕತ್ತಲಲ್ಲಿ ಹಿತ್ತಲಿಗೆ ಇಳಿಯುವಂತಿಲ್ಲ. ಬೀನ್ಸ್‌ಗೆ ಕಡ್ಡಿ ಊರಲು, ಬಸಳೆಗೆ ಗೊಬ್ಬರ ಹಾಕಲು ಉಳಿಯುವುದು ಭಾನುವಾರ ಒಂದೇ.

"ಪಾಪವಲ್ಲಮ್ಮ, ಹೋಗಿ ಬನ್ನಿ" ಎಂದುಬಿಟ್ಟೆ. ಆ ಉತ್ತರ ಬಹಳ ಸುಲಭವಾಯಿತೆಂದು ಆಮೇಲೆ ಅನ್ನಿಸಿತು.

1917ರ ಧರ್ಮಸಭೆಯ ಕಾನೂನು ಭಾನುವಾರ 'ದಾಸ್ಯದ ಕೆಲಸ'ವನ್ನು ನಿಷೇಧಿಸಿತ್ತು. ಮೈ ದಣಿಸುವ ದುಡಿಮೆ ದಾಸ್ಯದ್ದು, ಓದು ಬರಹ ಅಲ್ಲ ಎಂಬುದು ಅಂದಿನ ನೀತಿಶಾಸ್ತ್ರದ ವಿಂಗಡಣೆ. ಅದರಂತೆ ಒಡೆಯರು ಜಗಲಿಯಲ್ಲಿ ಕುಳಿತು ಪತ್ರ ಬರೆಯಬಹುದಿತ್ತು, ಕೂಲಿಯವಳು ನಾಲ್ಕು ಬೀಜ ಊರುವಂತಿರಲಿಲ್ಲ. 1983ರ ಕಾನೂನು ಕೈಯಲ್ಲಿರುವುದು ಲೇಖನಿಯೋ ಗುದ್ದಲಿಯೋ ಎಂದು ನೋಡುವುದಿಲ್ಲ. ಆ ಕೆಲಸ ದೇವರ ಆರಾಧನೆಯನ್ನು, ಪ್ರಭುವಿನ ದಿನದ ಸಂತೋಷವನ್ನು, ಮೈಮನಸ್ಸಿನ ವಿಶ್ರಾಂತಿಯನ್ನು ಕಸಿಯುತ್ತದೆಯೇ ಎಂದು ಕೇಳುತ್ತದೆ.

ಹೀಗೆ ನೋಡಿದರೆ ಒಂದೇ ಗುದ್ದಲಿ ಎರಡಾಗುತ್ತದೆ. ತೋಟದಲ್ಲಿ ಯಾವ ಸಾಲು ಎಂದು ಹೇಳುವವರು ಮೇಸ್ತ್ರಿ. ಅದೂ ಮಾನದ ಕೆಲಸವೇ, ಅನ್ನ ಕೊಡುತ್ತದೆ. ಹಿತ್ತಲಿನಲ್ಲಾದರೋ ಏನು ನೆಡಬೇಕೆಂದು ಹೇಳುವವಳು ಆಕೆಯೇ, ಕಾಯಿ ಕೊಯ್ದು ಮಕ್ಕಳಿಗೆ ಬಡಿಸುವವಳೂ ಆಕೆಯೇ. ತಮ್ಮದೆನ್ನುವ ನೆಲದಲ್ಲಿ ಜನ ಹೆಚ್ಚು ಮನಸ್ಸಿಟ್ಟು ದುಡಿಯುತ್ತಾರೆಂದು ಜಗದ್ಗುರು ಹದಿಮೂರನೆಯ ಲಿಯೋ 1891ರಲ್ಲೇ 'ರೇರುಮ್ ನೊವಾರುಮ್' ವಿಶ್ವಪತ್ರದಲ್ಲಿ ಬರೆದರು. ಲೈನ್‌ಮನೆಯ ಹಿತ್ತಲು ಆಕೆಯದಲ್ಲ ನಿಜ, ತೋಟದ್ದು. ಆದರೆ ಏದೆನ್ ತೋಟವೂ ಆದಾಮನದಾಗಿರಲಿಲ್ಲ. ವ್ಯವಸಾಯ ಮಾಡಿ ಕಾಯಲೆಂದು ದೇವರು ಅವನನ್ನು ಅಲ್ಲಿರಿಸಿದರು.

ಹಾಗೆಂದು ಅಪಾಯವಿಲ್ಲವೆಂದಲ್ಲ. ಸಂತೆಯಲ್ಲಿ ನಾಲ್ಕು ಕಾಸು ಸಿಕ್ಕಿತೆಂದು ಇನ್ನೆರಡು ಪಾತಿ ಮಾಡುತ್ತೇವೆ, ಆಟವಾಡುವ ಮಗುವನ್ನು ಕಳೆ ಕೀಳಲು ಕರೆಯುತ್ತೇವೆ. ಕೊನೆಗೆ ಹಿತ್ತಲೇ ಎರಡನೆಯ ಎಸ್ಟೇಟ್ ಆಗಿ, ನಾವೇ ನಮಗೆ ಮೇಸ್ತ್ರಿಗಳಾಗುತ್ತೇವೆ. ಒಂದು ಭಾನುವಾರ ಅದನ್ನು ಹಾಗೇ ಬಿಟ್ಟಿರಲು ನಿಮ್ಮಿಂದ ಆಗುತ್ತದೆಯೇ? ಆಗದಿದ್ದರೆ ಪಾತಿ ಕಡಿಮೆ ಮಾಡಿ. ಕೊಯ್ಲಿನ ತಿಂಗಳುಗಳಲ್ಲಿ ಪುರುಸೊತ್ತೂ ಇಲ್ಲ, ಮಳೆಯೂ ಇಲ್ಲ. ಆಗ ಎರಡೇ ಪಾತಿ ಸಾಕು. ಜೂನ್ ಮಳೆ ಹಿಡಿದ ಮೇಲೆ ಕೆಸು, ಸೀಮೆಬದನೆ ಹೆಚ್ಚು ಆರೈಕೆ ಬೇಡದೆ ಬೆಳೆದುಕೊಳ್ಳುತ್ತವೆ. ಏಳನೆಯ ವರ್ಷ ಭೂಮಿಯೇ ವಿಶ್ರಮಿಸಲಿ ಎಂದು ಇಸ್ರಯೇಲರಿಗೆ ಆಜ್ಞೆಯಿತ್ತು. ನೆಲಕ್ಕೇ ಬೇಕಾದ ವಿಶ್ರಾಂತಿ ನಡುವಿಗೆ ಬೇಡವೇ?

ಮುಂದಿನ ಭಾನುವಾರ ಆ ತಾಯಿ ಮತ್ತೆ ಸಿಕ್ಕಿದರು. "ಹಿತ್ತಲಿನಲ್ಲಿ ಮನೆಯವರೂ ಕೈ ಹಾಕುತ್ತಾರಾ?" ಎಂದು ಕೇಳಿದೆ. ಆಕೆ ನಕ್ಕರು. "ಅವರಿಗೆ ಭಾನುವಾರ ರಜೆ ಫಾದರ್."

ನಾನು ಮೊದಲೇ ಕೇಳಬೇಕಾಗಿದ್ದ ಪ್ರಶ್ನೆ ಅದು. ಆಕೆ ಗುದ್ದಲಿ ಹಿಡಿದದ್ದು ಪಾಪವಲ್ಲ. ಆಕೆಯೊಬ್ಬಳೇ ಹಿಡಿಯುವಂತೆ ಬಿಟ್ಟದ್ದರಲ್ಲಿ ಪಾಪವಿದೆ. ಅಪ್ಪಂದಿರೇ, ನಿಮ್ಮ ರಜೆಯ ಬೆಲೆಯನ್ನು ಕಟ್ಟುತ್ತಿರುವವರು ಯಾರೆಂದು ನೋಡಿ. ಈ ಭಾನುವಾರ ಪೂಜೆ ಮುಗಿಸಿ, ಊಟ ಮಾಡಿ, ಒಂದು ಗಂಟೆ ಹಿತ್ತಲಿಗೆ ಇಳಿಯಿರಿ. ಗುದ್ದಲಿ ನಿಮ್ಮ ಕೈಯಲ್ಲಿರಲಿ. ಆಕೆ ಜಗಲಿಯಲ್ಲಿ ಕುಳಿತು ಎಲ್ಲಿ ಏನು ನೆಡಬೇಕೆಂದು ಹೇಳಲಿ. ದೇವರು ನಿಮ್ಮ ಮನೆಯನ್ನೂ ಹಿತ್ತಲನ್ನೂ ಹರಸಲಿ.